ದುಬಾಯ್, ಅಬ್ಬೆ

ಸು. 1766–1848. ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಗಂಜಾಂ ಸೀಮೆಯಲ್ಲಿ ದುಡಿದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪರವಾಗಿ 1792ರಲ್ಲಿ ಹಡಗಿನಲ್ಲಿ ಭಾರತಕ್ಕೆ ಬಂದ. 1799ರಲ್ಲಿ ಟಿಪ್ಪು ಮಡಿದ ಬಳಿಕ, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಅವನನ್ನು ಮೈಸೂರು ಸೀಮೆಗೆ ಕರೆಸಲಾಯಿತು. ಯುರೋಪಿಯನ್ ಉಡುಪು ಬಿಟ್ಟು ನಿಲುವಂಗಿ, ಮುಂಡಾಸು ತೊಟ್ಟ, ಮಾಂಸಾಹಾರ ತೊರೆದ. ಜನ ‘ದೊಡ್ಡಸ್ವಾಮಿಯೋರು’ ಎಂದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದ. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೂ ಓಡಾಡಿದ. ಬೋಧನೆಗಿಂತ ಇದೇ ಹೆಚ್ಚು ಫಲಿಸಿತೆನ್ನಬೇಕು.

ಹಿಂದೂ ಆಚಾರ ವಿಚಾರಗಳ ಕುರಿತ ಅವನ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಓದುಗರು ಎಚ್ಚರದಿಂದಿರಬೇಕು: ಅದರ ಬಹುಪಾಲು ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದದ್ದರ ಆಧಾರದ್ದೆಂದು ಸಂಶೋಧಕಿ ಸಿಲ್ವಿಯಾ ಮುರ್ ತೋರಿಸಿದ್ದಾರೆ. ಬ್ರಾಹ್ಮಣರ ಬಗೆಗಿನ ಪೂರ್ವಗ್ರಹವೂ ಅದರಲ್ಲಿ ಢಾಳಾಗಿದೆ.

ಮೂರು ದಶಕ ದುಡಿದವನೇ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತೆಂದು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಬರೆದ. ಪ್ರಾಟೆಸ್ಟೆಂಟ್ ಮಿಷನರಿಗಳು ಇದಕ್ಕೆ ಕೆರಳಿ ಉತ್ತರ ಕೊಟ್ಟರು. ಅದೇ ವರ್ಷ ಕಂಪನಿಯ ಪಿಂಚಣಿ ಪಡೆದು ಪ್ಯಾರಿಸ್ಸಿಗೆ ಮರಳಿದ. ಮುಂದೆ ತನ್ನನ್ನು ಕಳಿಸಿದ್ದ ವಿದೇಶಿ ಮಿಷನ್ ಸಂಘದ ಮುಖ್ಯಸ್ಥನಾದ. ಭಾರತಕ್ಕೆ ಮತ್ತೆ ಬರಲಿಲ್ಲ.