ಪ್ರೈಜ್ ಎಂಬ ಶಬ್ದದ ಎರಡು ಬೇರುಗಳು

ಪಾಠಶಾಲೆಗಳ ವಾರ್ಷಿಕೋತ್ಸವದಲ್ಲಿ ಮಕ್ಕಳು 'ಪ್ರೈಜು' ಪಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಆಂಗ್ಲ ಶಬ್ದವು ನಮ್ಮ ಮನೆಮಾತಿನಲ್ಲಿ ಬೆರೆತುಹೋಗಿರುವುದರಿಂದ ಅದರ ಅರ್ಥವನ್ನು ವಿಚಾರಿಸಬೇಕೆಂದು ಯಾರಿಗೂ ತೋರುವುದಿಲ್ಲ. ಪ್ರೈಜೆಂದರೆ ಬಹುಮಾನ, ಇಷ್ಟೇ ನಮ್ಮ ತಿಳಿವಳಿಕೆ. ಆದರೆ ಇಷ್ಟನ್ನೇ ನಂಬಿಕೊಂಡು 1799ನೆಯ ಇಸವಿಯ ಶ್ರೀರಂಗಪಟ್ಟಣದ ಯುದ್ಧವೃತ್ತಾಂತವನ್ನು ಓದಹೊರಟವನು ದಾರಿ ತಪ್ಪುವುದು ನಿಶ್ಚಯ. ಅಲ್ಲಿ ಪ್ರೈಜ್ ಏಜೆಂಟರು, ಪ್ರೈಜ್ ಕಮಿಟಿ, ಪ್ರೈಜ್ ಹಣ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಇದನ್ನು 'ಬಹುಮಾನದ ಹಣ' ಎಂದು ಕನ್ನಡಿಸುವುದು ಸುಲಭ. ಹಾಗೆ ಕನ್ನಡಿಸಿದರೆ ಶಬ್ದಾರ್ಥವೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ.

ಏಕೆಂದರೆ ಪ್ರೈಜ್ ಎಂಬುದು ಒಂದು ಶಬ್ದವಲ್ಲ, ಎರಡು. ಮೊದಲನೆಯದು ಲ್ಯಾಟಿನ್ ಭಾಷೆಯ 'ಪ್ರೆಟಿಯಮ್' ಎಂಬುದರಿಂದ ಹುಟ್ಟಿ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದುದು. ಪ್ರೆಟಿಯಮ್ ಎಂದರೆ ಬೆಲೆ, ಮೌಲ್ಯ. ಬೆಲೆಯನ್ನು ಹೇಳುವ 'ಪ್ರೈಸ್', ಹೊಗಳಿಕೆಯನ್ನು ಹೇಳುವ 'ಪ್ರೇಜ್' ಇವೂ ಇದೇ ಮನೆತನದವು. ಯೋಗ್ಯತೆಯ ಬೆಲೆಯನ್ನರಿತು ಕೊಡುವುದೇ ಈ ಪ್ರೈಜು. ಎರಡನೆಯದು 'ಪ್ರೆಹೆಂಡೆರೆ' ಎಂಬ ಲ್ಯಾಟಿನ್ ಕ್ರಿಯಾಪದದಿಂದ, ಫ್ರೆಂಚಿನ 'ಪ್ರೀಸ್' ಎಂಬ ರೂಪದ ಮೂಲಕ ಬಂದುದು. ಪ್ರೆಹೆಂಡೆರೆ ಎಂದರೆ ಹಿಡಿ, ಕಸಿದುಕೊ ಎಂದರ್ಥ. ಸೆರೆಮನೆಯನ್ನು ಹೇಳುವ 'ಪ್ರಿಜನ್' ಈ ಎರಡನೆಯದರ ಬಂಧು. ಒಂದು ಕೊಟ್ಟದ್ದು, ಇನ್ನೊಂದು ಕಿತ್ತುಕೊಂಡದ್ದು.

ಹೀಗೆ ಎರಡು ಶಬ್ದಗಳು ಒಂದೇ ರೂಪಕ್ಕೆ ಬರುವುದು ನಮ್ಮವರಿಗೆ ಹೊಸದಲ್ಲ. ಹಳಗನ್ನಡದಲ್ಲಿ ತಿಳಿ ಎಂಬರ್ಥದ 'ಅಱಿ' ಬೇರೆ, ಕತ್ತರಿಸು ಎಂಬರ್ಥದ 'ಅರಿ' ಬೇರೆ. ಶಕಟರೇಫವು ಬಳಕೆಯಿಂದ ಬಿಟ್ಟುಹೋದ ಮೇಲೆ ಎರಡೂ 'ಅರಿ'ಯೇ ಆದವು. ರೂಪವು ಒಂದಾಯಿತೆಂದು ಅರ್ಥವು ಒಂದಾಗಲಿಲ್ಲವಷ್ಟೆ. ಅರಿತವನಿಗೂ ಅರಿದವನಿಗೂ ಇರುವ ಭೇದವೇ ಈ ಎರಡು ಪ್ರೈಜುಗಳಿಗೂ ಇದೆ.

ಹಿಡಿಯುವ ಅರ್ಥದ ಪ್ರೈಜ್ ಎಂಬುದು ಮುಖ್ಯವಾಗಿ ಸಮುದ್ರಯುದ್ಧದ ಪಾರಿಭಾಷಿಕ ಶಬ್ದ. ಶತ್ರುವಿನ ಹಡಗನ್ನು ಹಿಡಿದರೆ, ಆ ಹಡಗೂ ಅದರಲ್ಲಿನ ಸರಕೂ ಪ್ರೈಜ್ ಎನಿಸುತ್ತಿದ್ದವು. ನ್ಯಾಯಾಲಯವು ಒಪ್ಪಿದ ಮೇಲೆ ಅವನ್ನು ಮಾರಿ ಬಂದ ಹಣವನ್ನು ಹಡಗಿನವರಿಗೆ ದರ್ಜೆಯ ಪ್ರಕಾರ ಹಂಚುತ್ತಿದ್ದರು. ನೆಲದ ಮೇಲೆ ಹಿಡಿದುದಕ್ಕೆ 'ಬೂಟಿ' ಎಂಬ ಬೇರೆ ಹೆಸರಿದ್ದಿತು. ಆದರೂ ದಂಡಿನವರು ಪ್ರೈಜ್ ಎಂಬ ಮಾತನ್ನೇ ನೆಲಕ್ಕೂ ಎಳೆದುತಂದರು.

ಶ್ರೀರಂಗಪಟ್ಟಣದಲ್ಲಿ ನಡೆದುದನ್ನು ಈ ಬೆಳಕಿನಲ್ಲಿ ನೋಡಬೇಕು. 1799ನೆಯ ಮೇ 4ರ ಮಧ್ಯಾಹ್ನ ಕೋಟೆಯು ಬಿದ್ದಿತು. ಟೀಪೂ ಸುಲ್ತಾನನು ಮಡಿದನು. ಆ ರಾತ್ರಿ ಸೈನಿಕರು ಮನೆಮನೆಗೂ ನುಗ್ಗಿ ಊರನ್ನು ಸೂರೆಮಾಡಿದರು. ಮರುದಿನ ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಕೊರಡೆಯ ಏಟು ಕೊಡಿಸಿ ಶಾಂತಿಯನ್ನು ಸ್ಥಾಪಿಸಿದನು. ಆ ಬಳಿಕ ಪ್ರೈಜ್ ಏಜೆಂಟರು ಅರಮನೆಯ ಭಂಡಾರವನ್ನು ಲೆಕ್ಕಹಾಕಿ ಹಂಚಲುಪಕ್ರಮಿಸಿದರು. ಚಿನ್ನದ ತಗಡು ಹೊದಿಸಿದ ಸುಲ್ತಾನನ ಸಿಂಹಾಸನವನ್ನು ತುಂಡುತುಂಡಾಗಿ ಒಡೆದು ಪಾಲು ಮಾಡಿದರು. ಅದರ ದೊಡ್ಡ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂದು ವಿಂಡ್ಸರಿನ ಅರಮನೆಯ ಸಂಗ್ರಹದಲ್ಲಿವೆ. ಸೇನಾಪತಿ ಹ್ಯಾರಿಸನಿಗೆ 1,40,000 ಪೌಂಡುಗಳಿಗೂ ಮಿಕ್ಕಿ ದೊರಕಿತು. ಸಾಮಾನ್ಯ ಸಿಪಾಯಿಗೆ ಕೆಲವೇ ಪೌಂಡುಗಳು. ಸೇನಾಪತಿಯು ಎಂಟನೆಯ ಒಂದು ಪಾಲನ್ನು ತೆಗೆದುಕೊಂಡುದು ಹೆಚ್ಚಾಯಿತೆಂದು ಕಂಪೆನಿಯವರೇ ತಕರಾರು ತೆಗೆದರು.

ಈ ಎರಡು ದಿನಗಳ ಕೆಲಸದಲ್ಲಿ ಭೇದವೆಲ್ಲಿದೆ? ಅಪ್ಪಣೆಯಿಲ್ಲದೆ ತೆಗೆದುಕೊಂಡ ಸಿಪಾಯಿಗೆ ಗಲ್ಲು. ಪಟ್ಟಿ ಬರೆದು ತೆಗೆದುಕೊಂಡ ದೊರೆಗೆ ಪ್ರೈಜು. ಮೊದಲನೆಯದನ್ನು ಹೇಳಲು ಆಂಗ್ಲೇಯರು ನಮ್ಮ ದೇಶದ 'ಲೂಟಿ' ಎಂಬ ಮಾತನ್ನೇ ತಮ್ಮ ಭಾಷೆಗೆ ಸೇರಿಸಿಕೊಂಡರು. ಇದು ಸಂಸ್ಕೃತದ 'ಲುಂಟ' ಧಾತುವಿನಿಂದ ಬಂದುದೆಂದು ಕೆಲವರೂ, ಕದ್ದ ಮಾಲೆಂಬರ್ಥದ 'ಲೋಪ್ತ್ರ'ದಿಂದ ಬಂದುದೆಂದು ಕೆಲವರೂ ಹೇಳುತ್ತಾರೆ. ಹೈದರಾಲಿಯ ಕಾಲದ ಯುದ್ಧಗಳಲ್ಲಿ ಮೈಸೂರಿನ ಲಘು ಅಶ್ವದಳದವರನ್ನು ಆಂಗ್ಲೇಯರು 'ಲೂಟಿವಾಲರು' ಎಂದು ಹಳಿದು ಬರೆದಿದ್ದಾರೆ. ಪರರು ಮಾಡಿದರೆ ಲೂಟಿ, ತಾವು ಮಾಡಿದರೆ ಪ್ರೈಜು!

ಕೊಟ್ಟದ್ದೆಂಬರ್ಥದ ಪ್ರೈಜು ಈ ಯುದ್ಧದಲ್ಲಿ ಇರಲಿಲ್ಲವೆಂದಲ್ಲ. ಸಿಂಹವು ಹುಲಿಯನ್ನು ಮೆಟ್ಟಿರುವ ಚಿತ್ರದ ಪದಕವನ್ನು ಕಂಪೆನಿಯು ಅಚ್ಚುಹಾಕಿಸಿ, ಬಂಗಾರದಿಂದ ತವರದವರೆಗೆ ದರ್ಜೆಗೆ ತಕ್ಕ ಲೋಹದಲ್ಲಿ ಹಂಚಿತು. ಅದನ್ನು ಬಹುಮಾನವೆಂದು ಕರೆದರೆ ದೋಷವಿಲ್ಲ. ಒಂದೇ ಸಿಪಾಯಿಯ ಎದೆಯ ಮೇಲಿನ ಪದಕವು ಒಂದು ಬೇರಿನದು, ಚೀಲದೊಳಗಿನ ಹಣವು ಇನ್ನೊಂದು ಬೇರಿನದು.

ಇದನ್ನು ಹೇಳುವಾಗ ನಮ್ಮವರು ನಿರ್ದೋಷಿಗಳೆಂದು ಬೀಗುವುದೂ ಸಲ್ಲದು. ಯುದ್ಧದಲ್ಲಿ ಗೆದ್ದ ರಥ, ಕುದುರೆ, ಧನಧಾನ್ಯಗಳು ಗೆದ್ದವನದೆಂದೂ, ಶ್ರೇಷ್ಠವಾದುದನ್ನು ರಾಜನಿಗೆ ಒಪ್ಪಿಸಬೇಕೆಂದೂ ಮನುವಿನ ಏಳನೆಯ ಅಧ್ಯಾಯದಲ್ಲಿ ವಿಧಿಸಿದೆ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮಠವನ್ನೇ ಕೊಳ್ಳೆಹೊಡೆದರು. ಮಠದ ಜೀರ್ಣೋದ್ಧಾರಕ್ಕೆ ನೆರವು ಕಳುಹಿಸಿದವನು ಟೀಪೂ ಸುಲ್ತಾನನು. ಸೂರೆ, ಕೊಳ್ಳೆ, ಸುಲಿಗೆ ಎಂಬ ಅಚ್ಚಗನ್ನಡ ಶಬ್ದಗಳು ನಮ್ಮಲ್ಲಿ ಇಷ್ಟೊಂದು ಇರುವುದೇ ಸಾಕ್ಷಿ. ಆದರೆ ಆ ಮಾತುಗಳಲ್ಲಿ ಒಂದು ಪ್ರಾಮಾಣಿಕತೆಯಿದೆ: ಕೊಳ್ಳುವುದು ಕೊಳ್ಳೆ, ಸುಲಿಯುವುದು ಸುಲಿಗೆ. ಅವು ಮಾಡಿದ ಕೆಲಸವನ್ನು ಮರೆಮಾಡುವುದಿಲ್ಲ.

ಆದುದರಿಂದ ಇತಿಹಾಸವನ್ನು ಕನ್ನಡದಲ್ಲಿ ಬರೆಯುವ ತರುಣರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಪಾಠಶಾಲೆಯ ಪ್ರೈಜನ್ನು ಬಹುಮಾನವೆನ್ನಿರಿ. ಶ್ರೀರಂಗಪಟ್ಟಣದ ಪ್ರೈಜನ್ನು ಯುದ್ಧದ ಕೊಳ್ಳೆಯೆನ್ನಿರಿ. ಬಹುಮಾನವೆಂದರೆ ಬಹಳವಾದ ಗೌರವವೆಂದರ್ಥ. ಒಡೆದ ಸಿಂಹಾಸನದ ಚೂರುಗಳಿಗೆ ಆ ಹೆಸರನ್ನಿಟ್ಟರೆ, ಓದಿ ಗೆದ್ದು ಪುಸ್ತಕವೊಂದನ್ನು ಎದೆಗವಚಿಕೊಂಡು ಮನೆಗೆ ಬರುವ ಮಗುವಿಗೆ ಕೊಡಲು ನಮ್ಮಲ್ಲಿ ಯಾವ ಮಾತು ಉಳಿಯುತ್ತದೆ?