ಕಾವೇರಿ ಸೀಮೆಯ ಅಡಿಗೆಯಲ್ಲಿ ಕಡಲೆಕಾಯಿ

ರಾಜವಂಶಗಳ ಚರಿತ್ರೆಗೆ ಶಾಸನಗಳ ಆಧಾರವುಂಟು; ದೇವಾಲಯಗಳ ಚರಿತ್ರೆಗೆ ಶಿಲ್ಪವೂ ದಾನಪತ್ರಗಳೂ ನೆರವಾಗುತ್ತವೆ. ಅಡಿಗೆಮನೆಯ ಚರಿತ್ರೆಗೆ ಇಂತಹ ಸಾಧನಗಳು ವಿರಳ. ಆದುದರಿಂದ ನಿತ್ಯವೂ ಉಣ್ಣುವ ಪದಾರ್ಥವನ್ನು ಅನಾದಿಯೆಂದು ಭಾವಿಸುವುದು ಸಹಜವೇ ಆಗಿದೆ. ಕೃಷ್ಣರಾಜಸಾಗರದ ಸುತ್ತಣ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆಗಳಲ್ಲಿ ಕಡಲೆಕಾಯಿಯ ಸಿಹಿ ಖಾರಗಳೆರಡೂ ಎಷ್ಟು ರೂಢವಾಗಿವೆಯೆಂದರೆ, ಅದು ಹೊರಗಿನಿಂದ ಬಂದ ಕಾಳೆಂಬ ಮಾತು ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. ಅದು ಯಾವ ಬಾಗಿಲಿನಿಂದ ನಮ್ಮ ಅಡಿಗೆಮನೆಯನ್ನು ಹೊಕ್ಕಿತು, ಹೊಕ್ಕಮೇಲೆ ಯಾರ ಪಕ್ಕದಲ್ಲಿ ಕುಳಿತಿತು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಕಡಲೆಕಾಯಿಯ ತೌರು ದಕ್ಷಿಣ ಅಮೆರಿಕ. ಅದರ ಕಾಡುಜಾತಿಗಳು ದಕ್ಷಿಣ ಬೊಲಿವಿಯ ಮತ್ತು ವಾಯವ್ಯ ಅರ್ಜೆಂಟೀನ ಪ್ರದೇಶಗಳಲ್ಲಿ ಇಂದಿಗೂ ಬೆಳೆಯುತ್ತವೆ. ಪೋರ್ಚುಗೀಸರೇ ಮೊದಲಾದ ಐರೋಪ್ಯರ ಸಮುದ್ರಯಾನಗಳ ತರುವಾಯವೇ ಅದು ಭಾರತವನ್ನು ಸೇರಿತು. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದಾಗ ಈ ಕಾಳು ನಮ್ಮ ಒಳನಾಡಿಗೆ ಬಂದಿರಲಾರದು. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯ ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಹೊಲಗಳಲ್ಲಿ ಕಡಲೆಕಾಯಿಯನ್ನು ಮೇಯುತ್ತಿದ್ದ ಬಸವನು ಶಿಲೆಯಾದನೆಂದೂ, ಕೆಂಪೇಗೌಡನು 1537ರಲ್ಲಿ ಅಲ್ಲಿ ಗುಡಿಯನ್ನು ಕಟ್ಟಿಸಿದನೆಂದೂ ಪ್ರತೀತಿ. ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಅಲ್ಲಿಂದ ಇಪ್ಪತ್ತೇಳು ವರ್ಷಗಳಲ್ಲಿ ಈ ಪೈರು ಬೆಂಗಳೂರಿನ ಹೊಲಗಳನ್ನು ತುಂಬಿತೆಂದು ನಂಬುವುದು ಕಷ್ಟ. ಗುಡಿ ಹಳೆಯದಾಗಿರಬಹುದು, ಕಾರ್ತಿಕಮಾಸದ ಪೂಜೆಯೂ ಹಳೆಯದಾಗಿರಬಹುದು. ಕಡಲೆಕಾಯಿ ಆ ಕಥೆಯೊಳಕ್ಕೆ ಆಮೇಲೆ ಪ್ರವೇಶಿಸಿತೆಂದೇ ತೋರುತ್ತದೆ. ಹಳೆಯ ಆಚಾರದಲ್ಲಿ ಹೊಸ ಧಾನ್ಯ ಹೀಗೆ ನೆಲೆಗೊಳ್ಳುವುದನ್ನು ನಾವು ಮುಂದೆಯೂ ಕಾಣುವೆವು.

ಬರೆಹದ ಸಾಕ್ಷ್ಯ ಇಲ್ಲದೆಡೆ ಹೆಸರುಗಳು ಸಾಕ್ಷ್ಯ ನುಡಿಯುತ್ತವೆ. ನಮ್ಮ ಸೀಮೆಯಲ್ಲಿ ಇದು ಕಡಲೆಕಾಯಿ, ಕೆಲವೆಡೆ ನೆಲಗಡಲೆ. ಉತ್ತರ ಕರ್ನಾಟಕದ ಶೇಂಗಾ ಎಂಬ ಮಾತು ‘ಕೋಡು’ ಎಂಬರ್ಥದ ಮರಾಠಿ ಪದಕ್ಕೆ ಸಂಬಂಧಿಸಿದುದು. ತಮಿಳಿನ ‘ವೇರ್ಕಡಲೈ’, ತೆಲುಗಿನ ‘ವೇರುಸೆನಗ’ ಎರಡಕ್ಕೂ ಬೇರಿನ ಕಡಲೆಯೆಂದೇ ಅರ್ಥ. ತಮಿಳಿನಲ್ಲಿ ‘ಮಣಿಲಾಕ್ಕೊಟ್ಟೈ’ ಎಂಬ ಹೆಸರೂ ಉಂಟು. ಫಿಲಿಪೈನ್ಸ್ ದ್ವೀಪಗಳ ಮನಿಲಾ ಪಟ್ಟಣದ ಸ್ಮರಣೆ ಅದರಲ್ಲಿ ಉಳಿದಿದೆ. ದಕ್ಷಿಣದ ಜನ ಹೊಸ ಕಾಳನ್ನು ಕಂಡು ತಮಗೆ ಪರಿಚಿತವಾದ ಕಡಲೆಯ ಬಳಗಕ್ಕೆ ಅದನ್ನು ಸೇರಿಸಿಕೊಂಡರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಡಿಗೆಯಲ್ಲಿ ನಡೆದುದೂ ಇದೇ. ಈ ಸೀಮೆಯ ಬೆದ್ದಲು ಭೂಮಿಯ ಹಳೆಯ ಎಣ್ಣೆಕಾಳುಗಳು ಎಳ್ಳು, ಹುಚ್ಚೆಳ್ಳು ಮತ್ತು ಹರಳು. ರಾಗಿಯ ಹೊಲದಲ್ಲಿ ಅವರೆಯೊಡನೆ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವುದು ಇಲ್ಲಿಯ ಬೇಸಾಯದ ಪದ್ಧತಿ. ಹುಚ್ಚೆಳ್ಳನ್ನು ಹುರಿದು, ಕುಟ್ಟಿ, ಬೆಳ್ಳುಳ್ಳಿ ಹುಣಿಸೆ ಉಪ್ಪುಗಳನ್ನು ಕೂಡಿಸಿ ಮಾಡುವ ಚಟ್ನಿಪುಡಿಯ ಕ್ರಮದಲ್ಲಿಯೇ ಕಡಲೆಕಾಯಿಯ ಚಟ್ನಿಪುಡಿಯೂ ಸಿದ್ಧವಾಗುತ್ತದೆ. ಎಳ್ಳುಂಡೆಯ ಅಚ್ಚಿನಲ್ಲಿಯೇ ಕಡಲೆಕಾಯಿಯ ಉಂಡೆ ಮೂಡಿತು. ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆ ಇದಕ್ಕೆ ಒಳ್ಳೆಯ ನಿದರ್ಶನ: ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳ ನಡುವೆ ಅಮೆರಿಕದ ಈ ಕಾಳೂ ಬಂದು ಕುಳಿತಿದೆ, ಹಬ್ಬದ ಹೆಸರು ಮಾತ್ರ ಎಳ್ಳಿನದಾಗಿಯೇ ಉಳಿದಿದೆ. ಶ್ರಾದ್ಧದ ಅಡಿಗೆಯ ಸ್ಥಿತಿ ಬೇರೆ. ಅಲ್ಲಿ ಮೆಣಸಿನಕಾಯಿಗೆ ಬದಲು ಕಾಳುಮೆಣಸನ್ನು ಬಳಸುವ ಸಂಪ್ರದಾಯ ಅನೇಕ ಮನೆಗಳಲ್ಲಿ ಉಳಿದಿದೆ. ಎಳ್ಳಿಗೆ ಇರುವ ವಿಧಿವಿಹಿತ ಸ್ಥಾನ ಕಡಲೆಕಾಯಿಗೆ ದೊರೆತಿಲ್ಲ. ಹಬ್ಬದ ತಟ್ಟೆ ಹೊಸದನ್ನು ಬೇಗ ಒಪ್ಪುತ್ತದೆ, ಪಿತೃಕಾರ್ಯದ ಎಲೆ ಒಪ್ಪುವುದಿಲ್ಲ. ಈ ವ್ಯತ್ಯಾಸವನ್ನು ಅಡಿಗೆಯ ಚರಿತ್ರಕಾರನು ಶಾಸನದಂತೆ ಓದಬಹುದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪುಳಿಯೋಗರೆಗೆ ಪ್ರಸಿದ್ಧವಾಗಿದೆ. ಹುಣಿಸೆ, ಬೆಲ್ಲ, ಎಳ್ಳು, ಕಾಳುಮೆಣಸು ಈ ಭಕ್ಷ್ಯದ ಹಳೆಯ ಅಂಗಗಳು. ಮನೆಗಳಲ್ಲಿ ಒಗ್ಗರಣೆಗೆ ಹಾಕುವ ಒಣಮೆಣಸಿನಕಾಯಿ ಮತ್ತು ಕಡಲೆಬೀಜಗಳೆರಡೂ ಸಾಗರದಾಚೆಯಿಂದ ಬಂದವು. ಹೀಗಿದ್ದರೂ ಪುಳಿಯೋಗರೆ ಹೊಸದೆಂದು ಯಾರೂ ಹೇಳಲಾರರು. ಪಾಕದ ಪ್ರಾಚೀನತೆ ಬೇರೆ, ಪದಾರ್ಥದ ಪ್ರಾಚೀನತೆ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಇನ್ನು ಸಿಹಿಯ ವಿಷಯ. ಈ ಸೀಮೆಯಲ್ಲಿ ಕಡಲೆಕಾಯಿ ಎಂದೂ ಪ್ರಧಾನ ಬೆಳೆಯಾಗಿರಲಿಲ್ಲ. ಚಳ್ಳಕೆರೆ, ಪಾವಗಡಗಳ ಒಣಭೂಮಿ ಅದಕ್ಕೆ ಹೆಸರಾದುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳ ಬೇಡಿಕೆಯಿಂದ ದಕ್ಷಿಣ ಭಾರತದಲ್ಲಿ ಇದರ ಬೇಸಾಯ ವಿಸ್ತರಿಸಿತು. ಕಾವೇರಿ ಸೀಮೆಯ ಕೊಡುಗೆ ಬೆಲ್ಲ. ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರು ಮಾಡಿದ ಬೆಲ್ಲವನ್ನೇ ಶುದ್ಧಿಮಾಡುತ್ತಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ, 1930ರ ದಶಕದಲ್ಲಿ ನಾಲೆಯ ನೀರು ಹರಿದಮೇಲೆ ಕಬ್ಬಿನ ಗದ್ದೆಗಳು ಹಬ್ಬಿದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕಾರ್ಖಾನೆಯ ಜೊತೆಗೆ ಆಲೆಮನೆಗಳೂ ಉಳಿದುವು. ಬೆದ್ದಲಿನ ಕಾಳೂ ನಾಲೆಯ ಬೆಲ್ಲವೂ ಕೂಡಿದ ಫಲವೇ ಕಡಲೆಕಾಯಿಯ ಮಿಠಾಯಿ. ಇದರ ಹದವೆಲ್ಲ ಪಾಕದಲ್ಲಿದೆ. ಕುದಿಯುವ ಬೆಲ್ಲದ ತೊಟ್ಟನ್ನು ತಣ್ಣೀರಿಗೆ ಬಿಟ್ಟಾಗ ಮೆತ್ತಗಿನ ಉಂಡೆಯಾದರೆ ಅದು ಉಂಡೆಯ ಪಾಕ. ಟಣ್ಣೆಂದು ಮುರಿದರೆ ಮಿಠಾಯಿಯ ಪಾಕ. ತುಪ್ಪವಾಗಲಿ ಎಣ್ಣೆಯಾಗಲಿ ಹೆಚ್ಚು ಬೇಡದ ಸಿಹಿ ಇದು. ಆದ ಕಾರಣವೇ ಬಡವರ ಮನೆಗೂ ನಿಲುಕಿತು.

ಆರೋಗ್ಯದ ದೃಷ್ಟಿಯಿಂದಲೂ ಈ ಕಾಳು ಗಮನಾರ್ಹ. ಅದರ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು, ಹೆಚ್ಚುಕಡಮೆ ಅರ್ಧಭಾಗ ಕೊಬ್ಬು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಪ್ರಾರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಯ ಹಿಟ್ಟು ಕಾಲು ಪಾಲು ಸೇರಿಸಿ ‘ಬಹೂಪಯೋಗಿ ಆಹಾರ’ವನ್ನು ರೂಪಿಸಿತು. ಜನ ಹೆಸರಿನಲ್ಲಿ ಕೂಡಿಸಿದ್ದ ಎರಡು ಕಾಳುಗಳನ್ನು ವಿಜ್ಞಾನಿಗಳು ಮಕ್ಕಳ ಬಟ್ಟಲಿನಲ್ಲಿ ಕೂಡಿಸಿದರು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿಹಿಂಡಿಯನ್ನು ತಿಂದು ಲಕ್ಷಕ್ಕೂ ಮೀರಿದ ಟರ್ಕಿಕೋಳಿಗಳು ಸತ್ತುವು. ಅದರಿಂದ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮುರುಟಿದುದನ್ನೂ ಕಹಿಯಾದುದನ್ನೂ ಆರಿಸಿ ತೆಗೆಯುವ ಗೃಹಿಣಿಯ ರೂಢಿಗೆ ಎಷ್ಟು ಬೆಲೆಯಿದೆಯೆಂಬುದು ಆಗ ತಿಳಿದುಬಂದಿತು.

ಈ ವಿಚಾರ ಕೇವಲ ಗತಕಾಲಕ್ಕೆ ಸೇರಿದುದಲ್ಲ. 2022-23ರಲ್ಲಿ ರಾಜ್ಯದ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿಯನ್ನೂ ಕೊಡುವ ಏರ್ಪಾಡಾಯಿತು. 2025ರ ಆರಂಭದಲ್ಲಿ, ಆರೋಗ್ಯಕ್ಕೆ ಹಿತವಲ್ಲವೆಂಬ ಕಾರಣದಿಂದ ಚಿಕ್ಕಿಯನ್ನು ಕೈಬಿಡಲಾಯಿತು. ಬೆಲ್ಲದ ಪ್ರಮಾಣ, ದಾಸ್ತಾನಿನ ಶುದ್ಧಿ ಇವುಗಳ ಆಕ್ಷೇಪಣೆ ಅಲಕ್ಷ್ಯಮಾಡತಕ್ಕುದಲ್ಲ. ಆದರೆ ಚಿಕ್ಕಿಯ ದೋಷವನ್ನು ಕಾಳಿನ ಮೇಲೆ ಹೊರಿಸಬಾರದೆಂದು ನಮ್ಮ ಅಭಿಪ್ರಾಯ. ಈ ಕಾಳನ್ನು ಬಳಸಲು ಸಿಹಿಯೊಂದೇ ದಾರಿಯಲ್ಲ. ಹೊಲದಿಂದ ಕಿತ್ತ ಹಸಿಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸುವುದು, ನೆನೆದ ಬೀಜವನ್ನು ಬೇಯಿಸಿ ತೆಂಗಿನ ತುರಿ ನಿಂಬೆರಸ ಬೆರಸಿ ಉಸಲಿ ಮಾಡುವುದು, ಹುರಿದು ತರಿಯಾಗಿ ಕುಟ್ಟಿ ರಾಗಿರೊಟ್ಟಿಯ ಹಿಟ್ಟಿಗೆ ಕಲಸುವುದು ನಮ್ಮ ಮನೆಗಳಿಗೆ ತಿಳಿದ ಕ್ರಮಗಳೇ. ಇವುಗಳಲ್ಲಿ ಬೆಲ್ಲವಿಲ್ಲ, ಕರಿಯುವ ಎಣ್ಣೆಯೂ ಇಲ್ಲ. ಸಂಕ್ರಾಂತಿಯ ಸಿಹಿ ಹಿಡಿಯಷ್ಟು, ವರ್ಷಕ್ಕೊಮ್ಮೆ; ಉಸಲಿ, ಚಟ್ನಿಪುಡಿ ನಿತ್ಯದವು. ಹೊಸ ಕಾಳನ್ನು ಸ್ವೀಕರಿಸಿದ ನಮ್ಮ ಹಿರಿಯರು ಅದಕ್ಕೊಂದು ಪ್ರಮಾಣವನ್ನೂ ಗೊತ್ತುಮಾಡಿದ್ದರು. ಆ ಪ್ರಮಾಣವನ್ನು ಬರೆದಿಟ್ಟವರಿಲ್ಲ. ಮನೆಯ ಹಿರಿಯ ಹೆಂಗಸರು ಅದನ್ನು ಇನ್ನೂ ಬಲ್ಲರು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅವರನ್ನು ಕೇಳಿ ಬರೆದುಕೊಳ್ಳುವುದು ಉಚಿತ.