ನ್ಯಾಯಪೀಠವೂ ಅಂತಃಸಾಕ್ಷಿಯೂ

ಶಾಸನದ ಅಕ್ಷರವೂ ಅಂತಃಸಾಕ್ಷಿಯೂ ಒಂದೇ ಮಾತನ್ನಾಡುವಾಗ ತೀರ್ಪು ನೀಡುವುದು ಕಠಿನವಲ್ಲ. ಅವೆರಡೂ ಬೇರೆ ಬೇರೆ ದಿಕ್ಕಿಗೆ ಸೆಳೆದಾಗಲೇ ನ್ಯಾಯಾಧೀಶನ ನಿಜವಾದ ಪರೀಕ್ಷೆ. ನಡೆನುಡಿಗಳು ಒಂದಾಗಿರಬೇಕೆಂದು ಸಾರಿದ ಶಿವಶರಣರ ನಾಡಿನವರು ಮನನ ಮಾಡಬೇಕಾದ ಅಂಥ ಒಂದು ಪರೀಕ್ಷೆ 1976ರಲ್ಲಿ ನಡೆಯಿತು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ಸಹಸ್ರಾರು ಮಂದಿ ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ಜೂನ್ 27ರ ರಾಷ್ಟ್ರಪತಿಗಳ ಆಜ್ಞೆಯು, ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯಗಳನ್ನು ಕಾಯುವ 21ನೆಯ ಅನುಚ್ಛೇದದ ಮೇರೆಗೆ ನ್ಯಾಯಾಲಯದ ಮೊರೆಹೋಗುವುದನ್ನು ತಡೆಯಿತು. ಆದರೂ ಬಂಧನವು ಕಾನೂನಿಗೆ ಅನುಗುಣವೇ ಎಂದು ಪರಿಶೀಲಿಸುವ ಅಧಿಕಾರ ತಮಗುಂಟೆಂದು 9 ಉಚ್ಚ ನ್ಯಾಯಾಲಯಗಳು ನಿರ್ಣಯಿಸಿದವು. ಕರ್ನಾಟಕದ್ದೂ ಅವುಗಳಲ್ಲೊಂದು. ಇಲ್ಲಿ ಆ ನಿರ್ಣಯವಿತ್ತ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಅವರನ್ನು ಗೌಹಾಟಿಗೂ ವರ್ಗಾಯಿಸಲಾಯಿತು.

ವಿವಾದವು ಸರ್ವೋಚ್ಚ ನ್ಯಾಯಾಲಯದ ಐವರ ಪೀಠಕ್ಕೆ ಬಂದಿತು. ಅಧಿಕಾರಿಯೊಬ್ಬನು ಅಕ್ರಮವಾಗಿ ಪ್ರಾಣಹರಣ ಮಾಡಿದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬುದೇ ಅಟಾರ್ನಿ ಜನರಲ್ ನಿರೇನ್ ಡೇ ಅವರ ವಾದವಾಗಿತ್ತು. ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ರಾಷ್ಟ್ರಪತಿಗಳ ಆಜ್ಞೆಯ ಅಕ್ಷರವು ಬಾಗಿಲು ಮುಚ್ಚಿದ ಮೇಲೆ ಅದನ್ನು ತೆರೆಯುವ ಅಧಿಕಾರ ತಮಗಿಲ್ಲವೆಂಬುದು ಅವರ ನಿಲುವು. ಅಸಮ್ಮತಿ ಸೂಚಿಸಿದವರು ಖನ್ನಾ ಒಬ್ಬರೇ. ಜೀವದ ಹಕ್ಕು ಸಂವಿಧಾನದ ಒಂದು ಅನುಚ್ಛೇದದಿಂದಲೇ ಹುಟ್ಟಿದುದಲ್ಲ. ಆ ಅನುಚ್ಛೇದ ಅಮಾನತಾದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲವೆಂದು ಅವರು ಪ್ರತಿಪಾದಿಸಿದರು.

ಈ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿಯ ಪದವಿ ಕೈತಪ್ಪುವುದೆಂದು ಖನ್ನಾ ಮೊದಲೇ ಸೋದರಿಗೆ ಹೇಳಿದ್ದರೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಎಂ. ಎಚ್. ಬೇಗ್ ನೇಮಕಗೊಂಡರು, ಖನ್ನಾ ರಾಜೀನಾಮೆ ನೀಡಿದರು. ವಕೀಲವೃಂದದಲ್ಲಿಯೂ ಇಂಥ ನಿದರ್ಶನವುಂಟು. ಫಾಲಿ ನಾರಿಮನ್ ಅವರು ತುರ್ತುಪರಿಸ್ಥಿತಿ ಘೋಷಿತವಾದೊಡನೆ ಅಡಿಷನಲ್ ಸಾಲಿಸಿಟರ್ ಜನರಲ್ ಪದವಿಯನ್ನು ತ್ಯಜಿಸಿದ್ದರು.

1978ರ 44ನೆಯ ತಿದ್ದುಪಡಿಯು, ತುರ್ತುಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ಅನುಚ್ಛೇದಗಳನ್ನು ಅಮಾನತುಗೊಳಿಸಲಾಗದಂತೆ ಮಾಡಿತು. ಬಹುಮತದಲ್ಲಿದ್ದ ಪಿ. ಎನ್. ಭಗವತಿಯವರು ತಮ್ಮ ತೀರ್ಪು ತಪ್ಪೆಂದು 2011ರಲ್ಲಿ ಒಪ್ಪಿಕೊಂಡರು. 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, ಆ ಹಳೆಯ ತೀರ್ಪು ರದ್ದಾಯಿತು. ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡರ ಪುತ್ರ ಡಿ. ವೈ. ಚಂದ್ರಚೂಡರೇ ತಂದೆಯವರ ಅಭಿಪ್ರಾಯ ದೋಷಯುಕ್ತವೆಂದು ಬರೆದರು.

ತಪ್ಪನ್ನು ಒಪ್ಪಿಕೊಳ್ಳುವುದು ಸಜ್ಜನಿಕೆಯ ಲಕ್ಷಣವೇ ಸರಿ. ಆದರೆ 1976ರಲ್ಲಿ ಸೆರೆಯಲ್ಲಿದ್ದವರಿಗೆ 2011ರ ಪಶ್ಚಾತ್ತಾಪದಿಂದ ಬಿಡುಗಡೆ ದೊರೆಯಲಿಲ್ಲ. ಖನ್ನಾ ಅವರ ಅಸಮ್ಮತಿಯಿಂದಲೂ ಅಂದು ಯಾರೊಬ್ಬರೂ ಬಿಡುಗಡೆ ಹೊಂದಲಿಲ್ಲವೆಂಬುದು ನಿಜ. ಆದರೆ ನುಡಿಯಬೇಕಾದ ಹೊತ್ತಿನಲ್ಲಿ ನುಡಿದು ಅದರ ಬೆಲೆಯನ್ನು ತೆತ್ತದ್ದರಿಂದಲೇ ಆ ನುಡಿ 41 ವರ್ಷಗಳ ತರುವಾಯ ನಾಡಿನ ನ್ಯಾಯವಾಯಿತು. ನಡೆನುಡಿಗಳ ಏಕತೆಯೆಂದರೆ ಇದೇ.